ಸುಣ್ಣ ಹಚ್ಚಿದ ಐದನೆಯ ಮರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಮ್ಮ ಟ್ರಾಕ್ಟರ್ ಕೆಂಪು ಬಣ್ಣದ್ದೆಂದು ನನ್ನ ನೆನಪು, ನೀಲಿ ಎಂದು ಅಪ್ಪಯ್ಯನ ವಾದ. ಇಬ್ಬರೂ ಅದರಲ್ಲಿ ಕೂತು ಎಷ್ಟೋ ಸಲ ವಂಡ್ಸೆಗೆ ಹೋಗಿ ಬಂದವರೇ. ಕಾಲೇಜಿಗೆ ಸೇರಿದಂದಿನಿಂದ ದಿನಚರಿ ಬರೆಯುವ ಚಟ ನನಗಿದೆ. ಆದರೆ ಅದರಲ್ಲಿ ಬಣ್ಣದ ಸುದ್ದಿಯಿಲ್ಲ. ಈ ಕಥೆ ಶುರುವಾದ ದಿನದ ಪುಟದಲ್ಲಿರುವುದು ಇಷ್ಟೇ: 'ಹಾಡಿಯಲ್ಲಿ ಕಡಿಯುವ ಮರಗಳಿಗೆ ಸುಣ್ಣ ಹಚ್ಚಿದೆ. ನಾಲ್ಕು.' ಆ ನಾಲ್ಕನ್ನು ಗೀಚಿ ಪಕ್ಕದಲ್ಲಿ 'ಐದು' ಎಂದು ತಿದ್ದಿದ್ದೇನೆ. ಅಕ್ಷರ ನನ್ನದೇ.

ನಮ್ಮ ಕಡೆ ಮಳೆಗೆ ಮುಂಚೆ ಸೌದೆ ಕೊಟ್ಟಿಗೆ ತುಂಬದ ಮನೆಯನ್ನು ನೆಂಟರು ಅನುಮಾನದಿಂದಲೇ ನೋಡುತ್ತಾರೆ. ಅಡುಗೆಗೆ ಗ್ಯಾಸು ಬಂದಿದ್ದರೂ ಬಚ್ಚಲಿನ ಹಂಡೆಗೂ ಭತ್ತ ಬೇಯಿಸುವುದಕ್ಕೂ ಸೌದೆಯೇ ಬೇಕು, ಅದು ಬರುವುದು ಹಾಡಿಯಿಂದ, ಅಂದರೆ ಮನೆಗೆ ಸೇರಿದ ಸಣ್ಣ ಕಾಡಿನಿಂದ. ಹಿಂದೆಲ್ಲ ಕೊಡಲಿಯವರು ಬರುತ್ತಿದ್ದರು. ಬೆಳಗಿನ ಗಂಜಿ ಕುಡಿದು ಶುರುಮಾಡಿದರೆ ಮರ ಬೀಳಲು ಮಧ್ಯಾಹ್ನ ದಾಟುತ್ತಿತ್ತು. ಅಷ್ಟರಲ್ಲಿ ಯಾರಾದರೊಬ್ಬರು ಬಂದು 'ಅದನ್ನ್ಯಾಕೆ ಕಡಿತ್ರಿ, ನೆರಳಿತ್ತಲ್ದಾ' ಎಂದು ಜಗಳ ತೆಗೆದು ಮರ ಉಳಿಸಿಕೊಳ್ಳುವುದೂ ಇತ್ತು. ಆ ವರ್ಷ ಅಪ್ಪಯ್ಯನ ತಮ್ಮ, ನಮ್ಮ ಚಿಕ್ಕಯ್ಯ, ಕುಂದಾಪುರದಿಂದ ಮೆಷಿನ್ ಗರಗಸ ತಂದರು. ಅಜ್ಜಿ ಎಲೆಗೆ ಸುಣ್ಣ ಸವರಿ ಬಾಯಿಗಿಡುವಷ್ಟರಲ್ಲಿ ಮರ ನೆಲದ ಮೇಲೆ. ಜಗಳಕ್ಕೆ ಸಮಯವೇ ಉಳಿಯಲಿಲ್ಲ.

ಗರಗಸ ಚಿಕ್ಕಯ್ಯನದು, ಟ್ರಾಕ್ಟರ್ ಅಪ್ಪಯ್ಯನದು, ಕೊಟ್ಟಿಗೆಯಲ್ಲಿ ಒಟ್ಟುವುದು ಅಮ್ಮ ಮತ್ತು ಚಿಕ್ಕಮ್ಮನದು. ಎಂ.ಎ. ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದ ನನಗೆ ಉಳಿದದ್ದು ಸುಣ್ಣ. 'ಓದಿದ್ ಹೆಣ್ಣಲ್ದಾ, ಲೆಕ್ಕ ತಪ್ಪುದಿಲ್ಲ' ಎಂದು ಚಿಕ್ಕಯ್ಯ ತೆಂಗಿನ ಗೆರಟೆಯಲ್ಲಿ ಸುಣ್ಣ ಕಲಸಿ ಕೈಗೆ ಕೊಟ್ಟರು. ಒಣಗಿದ್ದು, ವಾಲಿದ್ದು ನೋಡಿ ನಾಲ್ಕು ಮರಕ್ಕೆ ಹಚ್ಚಿ ಬಂದೆ. ಸಂಜೆ ಇನ್ನೊಮ್ಮೆ ನೋಡಲು ಹೋದರೆ ಐದು ಗುರುತು! ಐದನೆಯದು ಹಾಡಿಯ ಅಂಚಿನ ಕಾಟುಮಾವಿನ ಮರದ ಮೇಲೆ, ಹೆಬ್ಬೆರಳಿನಷ್ಟು ಸಣ್ಣದು. ಬೇರೆಯವರಾಗಿದ್ದರೆ ಮನೆಗೆ ಹೋಗಿ 'ಇದನ್ನು ಯಾರು ಹಚ್ಚಿದ್ದು?' ಎಂದು ಕೇಳುತ್ತಿದ್ದರು. ನೆನಪನ್ನು ನಂಬಬಾರದು, ಕಣ್ಣಿಗೆ ಕಂಡದ್ದನ್ನು ನಂಬಬೇಕು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದಿದ್ದ ನಾನು, ಮನೆಗೆ ಹೋಗಿ ದಿನಚರಿ ತಿದ್ದಿದೆ.

ಮರುದಿನ ಹನ್ನೊಂದು ಗಂಟೆಗೆಲ್ಲ ಐದೂ ಮರಗಳು ತುಂಡಾಗಿದ್ದವು. ಮೂರನೆಯ ಲೋಡು ಅಂಗಳಕ್ಕೆ ಬಂದಾಗ ಜಗಲಿಯಲ್ಲಿದ್ದ ಅಜ್ಜಿ ಮೂಗರಳಿಸಿದರು. ಮಾವಿನ ಹಸಿ ಸೊನೆಯ ವಾಸನೆ.

'ಹ್ವಾಯ್! ಅದ್ ಯಾವ್ ಮರ?'

'ಅಂಚಿಂದ್ ಕಾಟುಮಾವು, ಅಮ್ಮ. ಸುಣ್ಣ ಇತ್ತಲ್ದಾ' ಎಂದರು ಚಿಕ್ಕಯ್ಯ.

'ಸುಣ್ಣ ಹಚ್ಚಿದ್ ನಾನ್! ಯಾರೂ ಮುಟ್ಬೇಡಿ ಅಂದ್ಹೇಳಿ ಹಚ್ಚಿದ್ದ್! ಅದ್ ನನ್ನ್ ಸುಡೂಕೆ ಇಟ್ಕಂಡ್ ಮರ. ಇನ್ ನನ್ನ್ ಎಂತದ್ರಗೆ ಸುಡ್ತ್ರಿ, ಗ್ಯಾಸಗಾ?'

ಹೆಣ ಸುಡಲು ಮನೆಯ ಮಾವೇ ಆಗಬೇಕೆಂಬುದು ನಮ್ಮಲ್ಲಿನ ರೂಢಿ. ಅಜ್ಜ ತೀರಿಕೊಂಡಾಗ ನಮ್ಮಲ್ಲಿ ಕಡಿಯುವಂಥ ಮಾವಿರಲಿಲ್ಲ. ನೆರೆಯ ಕೆಳಮನೆಯವರ ಹತ್ತಿರ ಕೇಳಿ ತಂದರು. ಕೆಳಮನೆಯವರು ಮರವನ್ನೇನೋ ಕೊಟ್ಟರು, ಜೊತೆಗೆ ಕೊಟ್ಟೆವೆಂಬ ಮಾತನ್ನು ಊರಿನ ಪ್ರತಿ ಊಟದಲ್ಲೂ ಬಡಿಸಿದರು. ಅದನ್ನು ಕೇಳಿ ಕೇಳಿ ಸಾಕಾಗಿ ಅಜ್ಜಿ ತನ್ನದೊಂದು ಮರವನ್ನು ಸದ್ದಿಲ್ಲದೆ ಆರಿಸಿಕೊಂಡಿದ್ದರು. ನಾನು ಗೆರಟೆ ಹಿಡಿದು ಹಾಡಿಗೆ ಹೋದದ್ದನ್ನು ಕಂಡು, ಸುಣ್ಣ ಹಚ್ಚಿದ ಮರ ಉಳಿಯುತ್ತದೆಂದುಕೊಂಡು, ನನ್ನ ಹಿಂದೆಯೇ ಬಂದು, ಎಲೆಯಡಿಕೆಯ ಡಬ್ಬಿಯ ಸುಣ್ಣವನ್ನೇ ಬೆರಳಲ್ಲಿ ಒತ್ತಿ ಹೋಗಿದ್ದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಟ್ರಾಕ್ಟರಿನ ಕಡೆ ನೋಡಿದೆ. ಬಣ್ಣ ಮಾತ್ರ ಮನಸ್ಸಿಗೆ ಇಳಿಯಲಿಲ್ಲ.

ಆ ಮಾವಿನ ತುಂಡುಗಳನ್ನು ಕೊಟ್ಟಿಗೆಯ ಮೂಲೆಯಲ್ಲಿ ಬೇರೆಯಾಗಿ ಒಟ್ಟಿ ತಗಡು ಮುಚ್ಚಿದೆವು. ಅಜ್ಜಿ ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತಿದ್ದರು. ನಾವೂ ಮರ್ಯಾದೆಯಿಂದ ಒಂದು ಮಳೆಗಾಲ ಕಾದೆವು. ಅಜ್ಜಿ ಗಟ್ಟಿಯಾಗಿದ್ದರು. ಎರಡನೆಯ ಮಳೆಗಾಲದಲ್ಲಿ ಗೆದ್ದಲು ಬಂತು, ಅಜ್ಜಿ ಇನ್ನೂ ಗಟ್ಟಿ. ಕೊನೆಗೆ ಒಂದು ದಿನ ಉಳಿದ ಸೌದೆಯೆಲ್ಲ ನೆನೆದು ಹಂಡೆ ಕಾಯದಿದ್ದಾಗ ಅಜ್ಜಿಯೇ ನನ್ನನ್ನು ಕರೆದು, 'ಹೆಣೆ, ನನ್ನ್ ಸೌದಿ ಎರಡ್ ತಕಂಬಾ. ಸತ್ತ್ ಮೇಲ್ ಎಂತಕ್ಕೆ, ಬದ್ಕಿಪ್ಪತಿಗೇ ಬಿಸಿ ತಾಗ್ಲಿ' ಎಂದರು. ಅಂದು ಎರಡು, ಆಮೇಲೆ ದಿನಾ ಎರಡು. ತನ್ನ ಚಿತೆಯ ಬಿಸಿನೀರಿನಲ್ಲಿ ಅವರು ಹಾಯಾಗಿ ಮಿಂದು ಇನ್ನೂ ಏಳೆಂಟು ವರ್ಷ ಬಾಳಿದರು. ಏಳೋ ಎಂಟೋ, ದಿನಚರಿ ನೋಡಿ ಹೇಳಬಹುದು, ಆದರೆ ನನ್ನ ದಿನಚರಿಯ ಯೋಗ್ಯತೆ ನಿಮಗೀಗ ಗೊತ್ತಲ್ಲ.

ಅವರು ಹೋದ ದಿನ ಅಪ್ಪಯ್ಯ ಟ್ರಾಕ್ಟರ್ ಹತ್ತಿ ಕೆಳಮನೆಗೇ ಹೋಗಬೇಕಾಯಿತು. ಆ ಮನೆಯ ಯಜಮಾನರು ಹೆಗಲಿಗೆ ಟವೆಲು ಹಾಕಿಕೊಳ್ಳುತ್ತ ಕೇಳಿದ್ದು ಒಂದೇ ಮಾತು: 'ಅಜ್ಜಿಗೂ ನಮ್ದೇಯಾ?'

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದಾಗ ಸೌದೆ ಕೆಲಸ ನಡೆದಿತ್ತು. ಈ ಸಲ ನನ್ನ ಕೈಗೆ ಯಾರೂ ಗೆರಟೆ ಕೊಡಲಿಲ್ಲ. ಸುಮ್ಮನೆ ಹಾಡಿ ಸುತ್ತುತ್ತಿದ್ದಾಗ ನೀರು ಹರಿಯುವ ತೋಡಿನ ಬದಿಯ ಎಳೆ ಮಾವಿನ ಮರದಲ್ಲಿ ಸಣ್ಣದೊಂದು ಸುಣ್ಣದ ಗುರುತು ಕಂಡಿತು, ಹೆಬ್ಬೆರಳಿನಷ್ಟು. ಎಪ್ಪತ್ತು ದಾಟಿದ ಚಿಕ್ಕಯ್ಯ ಪಕ್ಕದಲ್ಲೇ ಗರಗಸಕ್ಕೆ ಎಣ್ಣೆ ಹಾಕುತ್ತಿದ್ದರು. ಅವರೂ ಈಗ ಎಲೆಯಡಿಕೆ ಹಾಕುತ್ತಾರೆ. ಈ ಸಲ ತಿದ್ದುವುದು ಬೇಡ, ಕೇಳಿಯೇ ಬಿಡೋಣ ಎಂದುಕೊಂಡೆ. ಕೇಳಿದೆ ಕೂಡ. ಅವರು ಮರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮೆಷಿನ್ನಿನ ಹಗ್ಗ ಎಳೆದು ಬೇರೆ ಮರದ ಕಡೆ ನಡೆದರು. ಆಮೇಲೆ ಫೋನಿನಲ್ಲೂ ಎರಡು ಸಲ ಕೇಳಿದ್ದೇನೆ:

'ಚಿಕ್ಕಯ್ಯ, ಅದ್ ಕಡೂಕೆ ಹಚ್ಚಿದ್ದಾ, ನಿಮ್ಗ್ ಇಟ್ಕಂಬುಕಾ?'