ಅಣಬಿ ಪಲ್ಯಾನೋ ಮಾಂಸಾನೋ

ಯಾರೂ ಬಿತ್ತದ, ಯಾರೂ ನೀರು ಹಾಕದ ಅಣಬಿ ಹೆಂಗ ಏಳತಾವೋ, ನನ್ನ ಬಾಳೇದಾಗ ನಗೂ ಪ್ರಸಂಗ ಹಂಗ ಎದ್ದಾವ. ನಾ ಸುಮ್ನ ನಿಂತಿರತೀನಿ, ಅವೇ ಬಂದು ಕಾಲಿಗೆ ತೊಡರತಾವ. ರಾಯಚೂರಾಗ ಸಾಲಿ ಚಪ್ರಾಸಿ ಅಂತ ಮೂವತ್ತು ವರ್ಷ ದುಡದೀನಿ. ನನ್ನಂಥ ಚಪ್ರಾಸಿ ಆ ಸಾಲಿಗೆ ಹಿಂದ ಬಂದಿದ್ದಿಲ್ಲ, ಮುಂದ ಬರಂಗಿಲ್ಲ. ಬೇಕಾದ್ರ ಕೇಳಿ ನೋಡ್ರಿ. ಈಗ ಹೇಳೂವು ನಿಜಾಮರ ಕಾಲದವು, ನನ್ನ ಮದಿವಿ ಆಗೂಕಿಂತ ಮೊದಲಿನವು. ಇವನ್ನ ನಾ ಹೇಳೂದ್ರಾಗ ನನ್ನ ಹೆಂಡ್ತಿ ಮೊದಲೇ ನಕ್ಕು ಮುಗಿಸಿರತಿದ್ಲು. ಆಕಿ ಹೋಗಿ ಮೂರು ಮಳಿಗಾಲ ಆದ್ವು. ಅದಕ್ಕ ಈಗ ನಿಮ್ಮ ಮುಂದ ಹೇಳಾಕತ್ತೀನಿ.

ಮಾನ್ವಿ ವಾಸನಿ

ನನ್ನ ಸೋದರಮಾವ ದೇವದುರ್ಗದಾಗ ಇದ್ದ. ಅವನ ಮಗಳನ್ನ ನನಗ ಕೊಡೂದಂತ ಮಾತಾಗಿತ್ತು. ನನಗೂ ಆಕಿ ಬಿಟ್ರ ಬ್ಯಾರೆ ಹುಡುಗಿ ಕಣ್ಣಿಗೆ ಬೀಳತಿದ್ದಿಲ್ಲ. ಅಷ್ಟರಾಗ ಮಾವಗ ಜ್ವರ ಬಂದು, ಸಾಯೂಹಂಗಾಗಿ ಬದುಕಿದ. ಬದುಕಿದವನು ಮನಿದೇವ್ರ ಮುಂದ ಕೈ ಮುಗದು, ಇನ್ನ ನಾನೂ ಮಾಂಸ ಮುಟ್ಟಂಗಿಲ್ಲ, ನನ್ನ ಮನಿಯವ್ರೂ ಮುಟ್ಟಂಗಿಲ್ಲ ಅಂದುಬಿಟ್ಟ. ಅಳಿಯ ಆಗಾವ ನೀನೂ ಮನಿಯವನ, ಬಿಟ್ರ ಹುಡುಗಿ, ಇಲ್ಲಂದ್ರ ಇಲ್ಲ ಅಂದ. ಬಿಟ್ಟೆ. ಕುರಿ ಕೊಯ್ದ ಮನಿ ಬಂದ್ರ ಉಸಿರು ಹಿಡಕೊಂಡು ದಾಟತಿದ್ದೆ. ಅಂಥಾ ಗಂಡಸು ನಾ.

ಮೊದಲ ಮಳಿ ಬಿದ್ದಾಗ ನಮ್ಮವ್ವನ್ನ ನೋಡಾಕ ಮಾನ್ವಿಗೆ ಹೋದೆ. ಹೊಲದಾಗಿನ ಹುತ್ತದ ಸುತ್ತ ಅಣಬಿ ಎದ್ದಿದ್ವು, ಬೆಳ್ಳಗ, ಒಂದೊಂದು ಅಂಗೈಯಷ್ಟು. ಅವ್ವ ಒಣಕೊಬ್ರಿ, ಬಳ್ಳೊಳ್ಳಿ, ಖಾರ ಅರದು ಸಾರು ಮಾಡಿದ್ಲು. ಆರು ತಿಂಗಳ ಉಪವಾಸ ಇದ್ದ ನಾಲಿಗಿ ಅದು. ಜ್ವಾಳದ ರೊಟ್ಟಿ ಎಷ್ಟು ತಿಂದೆ ಅಂತ ನಮ್ಮವ್ವ ಎಣಸೂದ ಬಿಟ್ಲು. ಅವತ್ತು ಓಣ್ಯಾಗ ಬಳಿ ಮಾರಾಕಿ ಒಬ್ಬಾಕಿ ಬಂದಿದ್ಲು. ವಾಸನಿ ಹಿಡದ್ಲು. ಮುಂದ ದೇವದುರ್ಗದ ಸಂತಿಗೆ ಹೋದಾಗ, ನಿಮ್ಮ ಅಳಿಯ ಮಾನ್ವ್ಯಾಗ ಕುರಿ ಬಾರಿಸಾಕತ್ಯಾನ ಅಂತ ಮಾವಗ ಮುಟ್ಟಿಸಿದ್ಲು.

ಸುದ್ದಿ ಕೇಳಿ ಓಡಿದೆ. ಅದು ಕುರಿ ಅಲ್ರಿ ಮಾವಾ, ಅಣಬಿ ಅಂದೆ. ಮಾವ ಎಲಿಅಡಿಕಿ ಉಗುಳಿ ಬಂದು ಕುಂತ.

"ಅಣಬಿ ಅಂದ್ರ ಏನಂತ ತಿಳದೀಲೇ? ಮಾಂಸದ ಖಾಸಾ ತಮ್ಮ ಅದು."

ಬಾಗಲ ಹಿಂದ ಬಳಿ ಸಪ್ಪಳಾತು. ಮಾವನ ಮಗಳು ಬಾಯಿಗೆ ಸೆರಗು ಇಟ್ಕೊಂಡು ನಗಾಕತ್ತಿದ್ಲು. ಕುರಿ ತಿಂದಿಲ್ಲಂತ ಹೇಳಾಕ ಹೋದಾವ ನಾ, ಕುರಿ ತಮ್ಮನ್ನ ತಿಂದೀನಂತ ಒಪ್ಪಿಕೊಂಡು ಬಂದೆ.

ಎರಡು ಕಪಾಟು

ನಮ್ಮ ಸಾಲ್ಯಾಗ ವಿಜ್ಞಾನ ಕಲಿಸೂ ಮಾಸ್ತರ ಸಾಹೇಬ್ರು ಹೈದ್ರಾಬಾದ್ ಕಡಿಯವ್ರು. ಪಾಠ ಎಲ್ಲಾ ಉರ್ದುದಾಗ. ಅವ್ರ ಖೋಲ್ಯಾಗ ಎರಡು ಕಪಾಟು ಇದ್ವು. ಒಂದ್ರಾಗ ಒಣಗಿದ ಎಲಿ, ಬೇರು, ಹೂವು. ಅದಕ್ಕ ನಬಾತಾತ್ ಅಂತಿದ್ರು, ಅಂದ್ರ ಗಿಡದ ಕುಲ. ಇನ್ನೊಂದ್ರಾಗ ಬಾಟ್ಲಿ ಒಳಗ ಕಪ್ಪಿ, ಹಾವು, ಚೋಳು. ಅದು ಹೈವಾನಾತ್, ಪ್ರಾಣಿ ಕುಲ. ಎರಡರ ಕೀಲಿಕೈನೂ ನನ್ನ ಸೊಂಟದಾಗ.

ನಾ ಟುವಾಲದಾಗ ಅಣಬಿ ಕಟ್ಕೊಂಡು ಒಯ್ದು, ಇದು ಯಾವ ಕುಲ ಸಾಹೇಬ್ರ ಅಂದೆ. ಅವ್ರಿಗೆ ಭಾಳ ಖುಷಿ ಆತು. ಛತ್ರಿ ಕೆಳಗಿನ ಗೆರಿ ತೋರಿಸಿದ್ರು, ಕಾಗದದ ಮ್ಯಾಲ ಬಡದು ಉದುರಿದ ಪುಡಿ ತೋರಿಸಿದ್ರು. ಈ ಪುಡೀನ ಅದರ ಬೀಜ ಇದ್ದಂಗ ಅಂದ್ರು. ನಾವು ಕಾಣೂದು ಬರೇ ಕಾಯಿ, ಖರೇ ಮೈ ನೆಲದಾಗ ನೂಲಿನಂಗ ಹಬ್ಬಿರತದ ಅಂದ್ರು. ಹಂಗಾದ್ರ ಎಲಿ ಎಲ್ಲಿ ಅಂದೆ. ಇಲ್ಲ. ಹಸರು? ಇಲ್ಲ. ಬಿಸಲು ತಿಂದು ಬದುಕತದೇನು? ಇಲ್ಲ, ಕೊಳತಿದ್ದು, ಸತ್ತಿದ್ದು ತಿಂತದ. ಮತ್ತ ಅದು ಗಿಡ ಹೆಂಗಾತ್ರಿ ಅಂದೆ. ಕಿತಾಬಿನಾಗ ಹಂಗ ಅದ, ನಬಾತಾತ್ ಕಪಾಟಿನಾಗ ಇಡು ಅಂತ ಹೇಳಿ ಹೋದ್ರು.

ನನಗ ಮನಸು ಒಪ್ಪಲಿಲ್ಲ. ಎರಡು ಕಪಾಟಿನ ನಡುವ ಸ್ಟೂಲ್ ಹಾಕಿ ಅದರ ಮ್ಯಾಲ ಇಟ್ಟೆ. ಅವತ್ತ ತಪಾಸಣಿಗೆ ದೊಡ್ಡ ಸಾಹೇಬ ಬರಬೇಕಾ? ಬಂದವನು, ಇದನ್ನ ಇಲ್ಲಿ ಯಾಕ ಇಟ್ಟೀದಿ ಅಂದ.

"ಎರಡೂ ಮನಿಯವ್ರು ಒಳಗ ಕರೀವಲ್ರು ಸಾಹೇಬ್ರ. ಅದಕ್ಕ ಕಟ್ಟಿ ಮ್ಯಾಲ ಕುಂದರಿಸೀನಿ."

ಹೇಳೂ ಮುಂದ, ದೇವದುರ್ಗದಾಗ ಮಾವ ನನ್ನನ್ನೂ ಒಳಗ ಕರೀದ ಕಟ್ಟಿ ಮ್ಯಾಲ ಕುಂದರಿಸಿದ್ದು ನೆನಪಾತು. ದೊಡ್ಡ ಸಾಹೇಬ ನಕ್ಕ, ಮಾಸ್ತರ ಸಾಹೇಬ್ರು ನನ್ನ ಬೈದ್ರು. ಮೊನ್ನೆ ಮೊಮ್ಮಗಳು ಹೇಳಿದ್ಲು, ಈಗ ಪುಸ್ತಕದಾಗ ಅಣಬಿಗೆ ಬ್ಯಾರೆ ಕುಲಾನ ಮಾಡ್ಯಾರಂತ, ಗಿಡಾನೂ ಅಲ್ಲ, ಪ್ರಾಣಿನೂ ಅಲ್ಲಂತ. ನಾ ಅದನ್ನ ಸ್ಟೂಲ್ ಹಾಕಿ ಹೇಳಿದ್ದೆ. ಓದಿದವ್ರಿಗೆ ತಿಳಿಯಾಕ ಸ್ವಲ್ಪ ತಡ ಆತು.

ಶಿಕ್ಕಾ ಹೊಡದ ಚೀಟಿ

ಖರೇ ಏನರ ಇರಲಿ, ನನಗ ಹುಡುಗಿ ಬೇಕಾಗಿತ್ತು. ಅದಕ್ಕ ಅಣಬಿ ಗಿಡದ ಕುಲ ಅಂತ ಮಾಸ್ತರ ಸಾಹೇಬ್ರ ಕಡಿಂದ ಉರ್ದುದಾಗ ಚೀಟಿ ಬರಿಸಿಕೊಂಡೆ. ಸಾಲಿ ಶಿಕ್ಕಾ ನನ್ನ ಕೈಯಾಗ ಇತ್ತು, ಎರಡು ಸಲ ಹೊಡದೆ. ಅರ್ಧ ದಾರಿ ಬಂಡಿ, ಅರ್ಧ ದಾರಿ ನಡಕೊಂತ ದೇವದುರ್ಗ ಮುಟ್ಟಿದೆ. ದಾರಿ ತುಂಬ ಆಕಿ ನಗಿ ಕಿವ್ಯಾಗ.

ಮಾವಗೂ ಓದಾಕ ಬರಂಗಿಲ್ಲ, ನನಗೂ ಬರಂಗಿಲ್ಲ. ಮಾವ ಚೀಟಿ ತಲಿಕೆಳಗ ಹಿಡದು ಭಾಳ ಹೊತ್ತು ನೋಡಿದ. ಆಮ್ಯಾಲ ಬಾಯಿಲೆ ಹೇಳು ಅಂದ. ಮಾಸ್ತರ ಸಾಹೇಬ್ರು ಹೇಳಿದ್ದೆಲ್ಲಾ ಹೇಳಿದೆ, ಪುಡಿ, ನೂಲು, ಒಂದೂ ಬಿಡಲಿಲ್ಲ. ಜಾಣ ನಾನು, ಸತ್ತಿದ್ದು ತಿಂತದ ಅಂಬೂದನ್ನೂ ಹೇಳಿಬಿಟ್ಟೆ.

ಮಾವ ಚೀಟಿ ಮಡಿಚಿ ನನ್ನ ಕೈಯಾಗ ಇಟ್ಟ.

"ಹದ್ದೂ ಸತ್ತಿದ್ದು ತಿಂತದ. ಹದ್ದೇನು ಪುಂಡಿಪಲ್ಯಾನೇನಲೇ?"



ಮರದ ಹಾಲು

ಹೊಂಡೂ ಮುಂದ ಮಾವ ಇನ್ನೊಂದು ಮಾತು ಹೇಳಿದ. ಬರೂ ಸೋಮವಾರ ಬ್ಯಾರೆ ಊರವ್ರು ಹುಡುಗಿ ನೋಡಾಕ ಬರತಾರಂತ. ಹುಡುಗ ಹುಟ್ಟಿದಾಗಿಂದ ಮಾಂಸ ಮುಟ್ಟಿಲ್ಲಂತ. ಬಾಗಲ ಹಿಂದ ಈ ಸಲ ನಗಿ ಇದ್ದಿಲ್ಲ.

ರಾಯಚೂರಿಗೆ ಬಂದು ಕಪಾಟಿಗೆ ತಲಿ ಆನಿಸಿ ಕುಂತೆ. ಉಣ್ಣಲಿಲ್ಲ. ಸಾಲಿ ಗಂಟಿ ಎರಡು ಸಲ ತಪ್ಪು ಬಾರಿಸಿದೆ. ನನ್ನ ನೌಕರಿಯಾಗ ಅದೊಂದ ತಪ್ಪು. ಮಾಸ್ತರ ಸಾಹೇಬ್ರು ಏನಾತು ಅಂತ ಕೇಳಿದ್ರು. ಎಲ್ಲಾ ಹೇಳಿದೆ. ಅವ್ರು ನಗಲಿಲ್ಲ. ನಿಮ್ಮ ಮಾವ ಏನು ತಿಂತಾನ, ಏನು ಕುಡೀತಾನ ಅಂತ ಕೇಳಿದ್ರು. ಅಂಬ್ಲಿ, ರೊಟ್ಟಿ, ಸಂಜಿಗೆ ಒಂದು ಗಡಿಗಿ ಸೇಂದಿ ಅಂದೆ. ಸೇಂದಿ ಅಂದಕೂಡ್ಲೆ ಸಾಹೇಬ್ರು ಕುರ್ಚಿ ಬಿಟ್ಟು ಎದ್ರು. ಸೇಂದಿ ಹುಳಿ ಬಂದು ಬುರುಗು ಏಳೂದು ಖಮೀರದಿಂದ, ಖಮೀರ ಅಂದ್ರ ಕಣ್ಣಿಗೆ ಕಾಣದಷ್ಟು ಸಣ್ಣ ಜೀವ, ಅದೂ ಅಣಬಿ ಕುಲಾನ ಅಂದ್ರು. ಅವ್ರ ಕೈಗೆ ಕೀಲಿಕೈ ಕೊಟ್ಟು, ರಜಾ ಸೈತ ಕೇಳದ ಹೊಂಟೆ.

ನಾ ಹೋದಾಗ ಆದಿತ್ಯವಾರ ಸಂಜಿ. ಮಾವ ಅಂಗಳದಾಗ ಗಡಿಗಿ ಮುಂದ ಇಟ್ಕೊಂಡು ಕುಂತಿದ್ದ. ಮಾಂಸ ಬಿಡತೀನಂತ ದೇವ್ರಿಗೆ ಹೇಳಿದ್ದ, ಸೇಂದಿ ಮಾತು ಎತ್ತಿದ್ದಿಲ್ಲ. ಅದು ಮರದ ಹಾಲು, ಪಾಪ ಇಲ್ಲ ಅಂತಿದ್ದ. ಬಟ್ಟಲ ಬಾಯಿಗೆ ಒಯ್ಯೂ ಮುಂದ ನಾ ಎದುರಿಗೆ ಕುಂತೆ.

"ಮಾವಾ, ಈ ಬುರುಗಿನಾಗ ಜೀವ ಅದರಿ. ಅಣಬಿ ಒಡಹುಟ್ಟಿದ್ದು. ಅಣಬಿ ಮಾಂಸ ಆದ್ರ, ನೀವು ದಿನಾ ಸಂಜಿಗೆ ಕುಡಿಯೂದು ಕುರಿ ಸಾರು."

ಮಾವನ ಕೈ ಅಲ್ಲೇ ನಿಂತಿತು. ಬಟ್ಟಲಾಗ ಇಣಿಕಿ ನೋಡಿದ. ಬುರುಗು ಚುಸ್ ಅಂತ ಒಡಿಯಾಕತ್ತಿತ್ತು. ಕಿವಿ ಹಚ್ಚಿ ಕೇಳಿದ. ದೇವ್ರ ಜಗಲಿ ಕಡಿ ನೋಡಿದ. ಬೆವತ. ನಾ ಗೆದ್ದೆ ಅಂತ ಹೇಳೂಹಂಗಿಲ್ಲ, ಅಂವ ಹಟಮಾರಿ, ಸೇಂದಿನೂ ಬಿಟ್ಟುಬಿಟ್ರ ನನ್ನ ಗತಿ ಮುಗೀತು.

ಆವಾಗ ಒಳಗಿಂದ ಆಕಿ ಬಂದ್ಲು. ಅಪ್ಪನ ಮುಂದ ಬಗ್ಗಿ ಗಡಿಗಿ ಕಂಠಕ್ಕ ಕೈ ಹಾಕಿದ್ಲು. ಮಾರಿ ಮ್ಯಾಲ ಒಂದೀಟೂ ನಗಿ ಇಲ್ಲ.

"ಯಪ್ಪಾ, ಚೆಲ್ಲಲೇನು?"

ಮಾವ ಎರಡೂ ಕೈಲೆ ಗಡಿಗಿ ತಬ್ಬಿಕೊಂಡ.

"ಬಿಡಬೇ ಗಡಿಗಿ. ಅಣಬಿ ಪಲ್ಯಾನ ಅದ. ಸಣ್ಣಾವ ಇದ್ದಾಗಿಂದ ನಾ ಅದನ್ನ ಹೇಳಾಕತ್ತೀನಿ, ಈ ಮನ್ಯಾಗ ಯಾರೂ ಕೇಳವಲ್ರು."

ಸೋಮವಾರ ಬಂದವ್ರಿಗೆ ಮಂಡಾಳ ಒಗ್ಗರಣಿ ತಿನಿಸಿ ಕಳಿಸಿದ. ಬರೂ ಬ್ಯಾಸಗಿಗೆ ಮದಿವಿ ಆತು. ಐವತ್ತು ವರ್ಷ ಬಾಳೇ ಮಾಡಿದಿವಿ. ನಾ ಹುಲಿ, ಆದ್ರ ಜಗಳ ಬಂದಾಗೆಲ್ಲ ಆಕಿ ಒಂದ ಮಾತಿನಾಗ ನನ್ನ ಕೆಡವತಿದ್ಲು. ಈಗ ಮನ್ಯಾಗ ಒಬ್ಬನ ಕುಂತು ಆ ಮಾತು ಬರಲಿ ಅಂತ ಸುಮ್ಸುಮ್ನ ಜಗಳ ತಗದು ನೋಡತೀನಿ, ಬರಂಗಿಲ್ಲ. ಆಕಿ ಅಂತಿದ್ಲು:

"ಭಾಳ ಜಿಗೀಬ್ಯಾಡ. ನಮ್ಮಪ್ಪ ನಿನಗ ಹುಡುಗಿ ಕೊಟ್ಟಿಲ್ಲ, ತನ್ನ ಸೇಂದಿ ಉಳಿಸಿಕೊಂಡಾನ."