ಎಳ್ಳಮಾಸಿಯ ಮೋರಿ

ನಿಲಂಗಾದ ರೇವಣಪ್ಪನ ಮನೆಯ ಬಚ್ಚಲಲ್ಲಿ ಎರಡು ವರ್ಷದಿಂದ ನೀರು ನಿಲ್ಲುತ್ತಿತ್ತು. ಒಬ್ಬರು ಸ್ನಾನ ಮಾಡಿದರೆ ಹಿಮ್ಮಡಿ ಮುಳುಗುತ್ತಿತ್ತು, ಇಬ್ಬರು ಮಾಡಿದರೆ ಮೀನಖಂಡ. ಮೂರನೆಯವರು ಮೈಮೇಲೆ ನೀರು ಹಾಕಿಕೊಳ್ಳಬೇಕಾದರೆ ಮೋರಿ ಗುಳುಗುಳು ಎನ್ನುತ್ತ ಹಳೇ ನೀರು ನುಂಗುವ ತನಕ ಬಾಗಿಲಲ್ಲಿ ಕಾಯಬೇಕು. ಹೆಂಡತಿ ಸರುಬಾಯಿ ಮೋರಿ ತೆಗೆಸಿರಿ ಎಂದಾಗಲೆಲ್ಲ ರೇವಣಪ್ಪ ಸುಗ್ಗಿ ಮುಗಿಯಲಿ ಅನ್ನುತ್ತಿದ್ದ. ಸುಗ್ಗಿ ಮುಗಿದರೆ ಮಳೆ ಬರಲಿ, ಮಳೆ ಬಂದರೆ ಮಳೆ ನಿಲ್ಲಲಿ. ಆಗ ಹೈದರಾಬಾದಿನಲ್ಲಿ ನಿಜಾಮರು ಆಳುತ್ತಿದ್ದರು. ಅವರ ಕಚೇರಿಯ ಕಾಗದಗಳು ಆಮೆಯಂತೆ ನಡೆಯುತ್ತವೆ ಎಂದು ಜನ ಬೈಯುತ್ತಿದ್ದರು. ರೇವಣಪ್ಪನನ್ನು ನೋಡಿದ್ದರೆ ಆ ಕಾಗದಗಳೇ ಪರವಾಗಿಲ್ಲ ಅನ್ನುತ್ತಿದ್ದರು.

ಆ ವರ್ಷದ ಎಳ್ಳಮಾಸಿಯ ಬೆಳಿಗ್ಗೆ ಅವನ ಆಲಸ್ಯಕ್ಕೆ ಒಂದು ಕುತ್ತು ಬಂತು. ಎಳ್ಳಮಾಸಿಯೆಂದರೆ, ಎಳ್ಳ ಅಮಾವಾಸ್ಯೆ, ಆ ಸೀಮೆಯಲ್ಲಿ ಯಾರೂ ಮನೆಯಲ್ಲಿ ಇರುವ ದಿನವಲ್ಲ. ಮಡಕೆ ತುಂಬ ಅಂಬಲಿ, ಬೋಗುಣಿ ತುಂಬ ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾದ ಹೋಳಿಗೆ ಹೊತ್ತುಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಪೈರಿಗೆ ಪೂಜೆ ಮಾಡಿ, ತಮ್ಮ ಹೊಲದಲ್ಲಿ ಉಂಡು, ಪಕ್ಕದವರ ಹೊಲದಲ್ಲೂ ಉಂಡು, ಜೋಳದ ದಂಟಿನ ನೆರಳಲ್ಲಿ ಉರುಳುತ್ತದೆ. ರೇವಣಪ್ಪನ ಮಗ ಸೊಸೆ ಪೂಜೆಯ ಸಾಮಾನು ಕಟ್ಟಿಕೊಂಡು ನಸುಕಿನಲ್ಲೇ ಬಂಡಿ ಹೂಡಿದ್ದರು. ಗಂಡ ಹೆಂಡತಿ ಬಿಸಿಲೇರಿದ ಮೇಲೆ ಅಡುಗೆಯ ಬುಟ್ಟಿಗಳೊಡನೆ ಹೊರಡುವುದಿತ್ತು.

ರೇವಣಪ್ಪ ಮಿಂದು, ಮೈ ಒರೆಸಿ, ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಪೂಜೆಗೆ ಕೂತು ಎದೆಯ ಮೇಲೆ ಕೈಯಿಟ್ಟ. ಕೈಗೆ ಬರಿ ಎದೆ ಸಿಕ್ಕಿತು. ಕೊರಳಲ್ಲಿದ್ದ ಇಷ್ಟಲಿಂಗ ದಾರದ ಸಮೇತ ಇರಲಿಲ್ಲ.

ಲಿಂಗ ಕಟ್ಟಿಕೊಂಡವನು ಅದನ್ನು ಕಳೆದುಕೊಂಡರೆ ಸಿಗುವ ತನಕ ಅನ್ನ ನೀರು ಮುಟ್ಟುವಂತಿಲ್ಲ. ಅದು ಎಲ್ಲರಿಗೂ ಇದ್ದ ನೇಮ. ಆದರೆ ರೇವಣಪ್ಪ ಆ ನೇಮಕ್ಕೆ ತನ್ನದೊಂದು ಬಾಲ ಅಂಟಿಸಿದ್ದ. ಹಿಂದಿನ ಶ್ರಾವಣದಲ್ಲಿ ಅವನ ದಾಯಾದಿ ಮನ್ಮಥಪ್ಪ ಬಾವಿಯಲ್ಲಿ ಈಜುವಾಗ ಲಿಂಗ ಕಳೆದುಕೊಂಡು, ತಾಸಿನೊಳಗೆ ಮುಳುಗಿ ತೆಗೆದಿದ್ದ. ಮಠದ ಶಂಕರಯ್ಯನವರು ಒಂದು ಹೊತ್ತು ಉಪವಾಸ ಮಾಡಿದರೆ ಸಾಕು ಎಂದಿದ್ದರು. ರೇವಣಪ್ಪ ಎದ್ದು ನಿಂತು, ಸಿಕ್ಕಿತೋ ಬಿಟ್ಟಿತೋ ಅದು ಬೇರೆ ಮಾತು, ಎಚ್ಚರ ತಪ್ಪಿದವನು ಮೂರು ದಿನ ಉಪವಾಸ ಬೀಳಲೇಬೇಕು ಎಂದು ಹಟ ಹಿಡಿದು, ಮನ್ಮಥಪ್ಪನನ್ನು ಮೂರು ದಿನ ಒಣಗಿಸಿದ್ದ. ಈಗ ಬಾಯಿ ಬಿಟ್ಟರೆ ಮನ್ಮಥಪ್ಪ ಬಡ್ಡಿ ಸಮೇತ ತೀರಿಸಿಕೊಳ್ಳುವುದು ಖಂಡಿತ. ಅದೂ ಎಳ್ಳಮಾಸಿಯ ದಿನ, ಪಡಸಾಲೆಯಲ್ಲಿ ಭಜ್ಜಿ ಘಮಘಮಿಸುತ್ತಿರುವಾಗ.

ಬಚ್ಚಲಿಗೆ ಓಡಿದ. ಸೀಗೆಕಾಯಿಯ ನೊರೆ ತೇಲುವ ಕಪ್ಪು ನೀರಿನಲ್ಲಿ ಮೊಣಕೈವರೆಗೆ ಕೈಹಾಕಿ ಮೂಲೆ ಮೂಲೆ ತಡಕಿದ. ಏನೂ ಇಲ್ಲ. ಮೋರಿ ಮಾತ್ರ ಊಟ ಮುಗಿಸಿದವರ ಹಾಗೆ ಗುಳುಕ್ ಎಂದಿತು.

"ಏನ್ರಿ, ನಿಮಗ ಒಂದ ಮಾತ ಹೇಳಾದಿತ್ತು," ಎನ್ನುತ್ತ ಸರುಬಾಯಿ ಬಾಗಿಲಿಗೆ ಬಂದಳು.

"ಮಾತು ಆಮ್ಯಾಲ. ಮೋರಿ ಕಟ್ಟೇದ. ಲಾಡ್ಲೇಸಾಬಗ ಕರಕೊಂಡ ಬರ್ತೀನಿ. ಇವತ್ತೇ ತೆಗಸಬೇಕು."

"ಇವತ್ತ? ಹಬ್ಬದ ದಿನಾ?"

"ಹಬ್ಬ ಇದ್ರ ಇರ್ಲಿ. ಮನಿ ಅಂದಮ್ಯಾಲ ಮೋರಿ ನೆಟ್ಟಗಿರಬೇಕು," ಎಂದ ರೇವಣಪ್ಪ. ಸರುಬಾಯಿ ಒಂದು ಗಳಿಗೆ ಗಂಡನ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಲಾಡ್ಲೇಸಾಬ ಊರಿಗೆ ಒಬ್ಬನೇ ಗೋಡೆ ಮೋರಿ ಕಟ್ಟುವ ಒಳ್ಳೆಯ ಗೌಂಡಿ. ಉದಗೀರದ ಕೋಟೆಯೊಳಗಿನ ಮೋರಿಗಳನ್ನು ದುರಸ್ತಿ ಮಾಡಿದ್ದು ತನ್ನ ಅಜ್ಜ ಎಂದು ಹೇಳಿಕೊಳ್ಳುತ್ತಿದ್ದ, ಆ ಕೋಟೆಯ ಕಿಲ್ಲೇದಾರನ ಗತ್ತಿನಲ್ಲೇ ನಡೆಯುತ್ತಿದ್ದ. ಹೊಲವಿಲ್ಲದ್ದರಿಂದ ಆವತ್ತು ಮನೆಯಲ್ಲಿ ಸಿಕ್ಕ. ಬಿದಿರಿನ ಉದ್ದ ಸೀಳು, ಕರಣೆ, ಗುದ್ದಲಿ ಹೊತ್ತು ಬಂದು, ಬಚ್ಚಲನ್ನು ಒಮ್ಮೆ ನೋಡಿ, ಹೊರಗೆ ನಡೆದೇಬಿಟ್ಟ.

"ಎಲ್ಲಿಗೆ ಹೊಂಟಿ? ಇಲ್ಲೇ ಬಾಯಾಗ ಕೈ ಹಾಕಿ ನೋಡು," ಎಂದ ರೇವಣಪ್ಪ.

"ಬಾಯಾಗ ಕೈ ಹಾಕಾದು ಹಲ್ಲ ಕೀಳವ್ರ ಕೆಲಸ ಮಾಲಕ. ಮೋರಿಗಿ ಮೊದಲ ಬಾಲ ನೋಡಬೇಕು. ಬಾಯಿಂದ ನೂಕಿದ್ರ ಕಸ ಇನ್ನಾ ಒಳಗ ಹೋಗಿ ಕೂಡತದ. ಬಾಲದಿಂದ ಕೆದಕಿದ್ರ ಇಳಿಜಾರಿಗಿ ತಾನೇ ಹೊರಗ ಬೀಳತದ."

ಮೋರಿ ಬಚ್ಚಲಿನಿಂದ ಹೊರಟು, ಅಂಗಳದ ಕೆಳಗೆ ಹಾದು, ಪಕ್ಕದ ರಂಭಾಬಾಯಿಯ ಗೋಡೆಯ ಅಡಿಯಲ್ಲಿ ನುಸುಳಿ ಓಣಿಗೆ ಬೀಳುತ್ತಿತ್ತು. ಲಾಡ್ಲೇಸಾಬ ಒಂದು ಹಿಡಿ ಕುಂಕುಮ ಬೇಡಿ, ಅದನ್ನು ನೀರಿನಲ್ಲಿ ಕದಡಿ ಬಚ್ಚಲಲ್ಲಿ ಸುರುವಿಸಿ, ತಾನು ಓಣಿಯ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತ. ಕೆಂಪು ನೀರು ಓಣಿಗೆ ಬರಲಿಲ್ಲ. ರಂಭಾಬಾಯಿ ಬಂದಳು. ಅರವತ್ತು ದಾಟಿದ ವಿಧವೆ, ಓಣಿಯ ಅರ್ಧ ಜಗಳಗಳಿಗೆ ಅವಳೇ ಹೆರಿಗೆ ಮಾಡಿಸಿದವಳು.

"ಏ ರೇವಣಪ್ಪಾ, ನಮ್ಮ ಒಲಿ ಮುಂದ ರಕ್ತ ಹರೀಲಾಕತ್ಯದ. ನಿಮ್ಮನ್ಯಾಗ ಯಾರಿಗಿ ಕಡದ್ಯೋ?"

"ಹಾ, ಮಿಲ್ ಗಯಾ," ಎಂದ ಲಾಡ್ಲೇಸಾಬ ತೃಪ್ತಿಯಿಂದ. "ಸಿಕ್ತು. ಕೊಳವಿ ಅಲ್ಲೇ ಒಡದದ. ಗ್ವಾಡಿ ಬುಡ ಅಗೀಬೇಕು."

ತನ್ನ ಗೋಡೆಯ ಬುಡ ಅಗೆಯಲು ರಂಭಾಬಾಯಿ ಒಪ್ಪಿದ್ದು ಎರಡು ಷರತ್ತಿನ ಮೇಲೆ. ಗೋಡೆ ಮೊದಲಿಗಿಂತ ಚೆನ್ನಾಗಿ ಆಗಬೇಕು, ಅಗೆಯುವುದನ್ನು ತಾನು ಪಕ್ಕದಲ್ಲೇ ಕೂತು ನೋಡಬೇಕು. ಹೊಲಕ್ಕೆ ಹೊರಡಲು ಕಟ್ಟಿದ್ದ ತನ್ನ ರೊಟ್ಟಿ ಗಂಟನ್ನು ತಂದು ರೇವಣಪ್ಪನ ಕಟ್ಟೆಯ ಮೇಲೆ ಬಿಚ್ಚಿಯೇಬಿಟ್ಟಳು.

ಲಾಡ್ಲೇಸಾಬ ಬಿದಿರಿನ ಸೀಳನ್ನು ಬಾಲದ ಕಡೆಯಿಂದ ತೂರಿಸಿ ತಿರುವಿದ. ಕಪ್ಪು ಕೆಸರು ದಡದಡ ಹೊರಗೆ ಬಿತ್ತು. ಅವನು ಅದನ್ನು ತಿಪ್ಪೆಗೆ ಹಾಕಹೋದರೆ ರೇವಣಪ್ಪ ಬುಟ್ಟಿ ಕಸಿದುಕೊಂಡ. ಜೋಳ ಜರಡಿ ಹಿಡಿಯುವ ಜಾಳಿಗೆ ತಂದು, ಹಬ್ಬದ ಧೋತರ ಮೇಲೆತ್ತಿ ಕಟ್ಟಿ, ನೀರು ಹೊಯ್ದು ಹೊಯ್ದು ಕೆಸರನ್ನು ಸೋಸತೊಡಗಿದ.

ಅದೇ ಹೊತ್ತಿಗೆ ಅಂಬಲಿಯ ಮಡಕೆ ಹೆಗಲ ಮೇಲಿಟ್ಟುಕೊಂಡು ಮನ್ಮಥಪ್ಪ ಓಣಿಯಲ್ಲಿ ಹಾದುಹೋಗುತ್ತಿದ್ದ. ನಿಂತ. ಮಡಕೆ ಇಳಿಸಿದ.

"ರೇವಣಪ್ಪ, ಯಾನ್ ಮಾಡ್ಲಾಕತ್ತಿ?"

"ಮೋರಿ ತೆಗಸಲಾಕತ್ತೀನಿ."

"ಮೋರಿ ತೆಗೀಲಾಕತ್ತಾಂವ ಲಾಡ್ಲೇಸಾಬ. ನೀ ಕೆಸರಿಗಿ ಜರಡಿ ಹಿಡೀಲಾಕತ್ತಿ."

"ಹೊಲಕ್ಕ ಗೊಬ್ಬರ ಆಗತದ," ಎಂದ ರೇವಣಪ್ಪ ತಲೆಯೆತ್ತದೆ.

ಇದಕ್ಕಿಂತ ಸತ್ಯ ಹೇಳಿದ್ದರೇ ಕಡಿಮೆ ಹಾನಿಯಾಗುತ್ತಿತ್ತು. ಗೊಬ್ಬರಕ್ಕೆ ಜರಡಿ ಹಿಡಿಯುವವನನ್ನು ನಿಲಂಗಾ ಕಂಡಿರಲಿಲ್ಲ. ರೇವಣಪ್ಪನ ಅಜ್ಜ ಲೂಟಿಯ ಕಾಲದಲ್ಲಿ ಮೋರಿಯೊಳಗೆ ಬಂಗಾರ ಬಚ್ಚಿಟ್ಟಿದ್ದನಂತೆ ಎಂಬ ಸುದ್ದಿ ಯಾರ ಬಾಯಿಂದ ಹುಟ್ಟಿತೋ ಗೊತ್ತಿಲ್ಲ, ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಓಣಿ ದಾಟಿತು. ಹೊಲಕ್ಕೆ ಹೊರಟಿದ್ದ ಬಂಡಿಗಳು ತಿರುಗಿದವು, ಪೂಜೆ ಮುಗಿಸಿದ್ದ ಮಗ ಸೊಸೆಯ ಬಂಡಿಯೂ ಬಂತು. ಹೆಂಗಸರು ತಮ್ಮ ತಮ್ಮ ಜಾಳಿಗೆ ತಂದರು. ತನ್ನ ಗೋಡೆಯ ಕೆಳಗಿನ ಕೆಸರು ತನ್ನದೇ ಎಂದು ರಂಭಾಬಾಯಿ ಸುಣ್ಣದ ಗೆರೆ ಎಳೆದಳು. ಲಾಡ್ಲೇಸಾಬನೊಬ್ಬ ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ, ಒಡೆದ ಕೊಳವೆಯೊಳಗಿಂದ ಬಸರಿ ಮರದ ಬೇರನ್ನು ಎಳೆಯುತ್ತ ಹೋದ. ಅದು ಹೆಣ್ಣುಮಗಳ ಜಡೆಯಷ್ಟು ದಪ್ಪವಾಗಿ, ಎರಡು ಮಾರು ಉದ್ದ ಬಂತು.

"ಎರಡು ವರ್ಷ ನಿಮ್ಮ ನೀರು ಕುಡದು ಬೆಳದದ ನೋಡ್ರಿ. ಕೊಳವಿ ಸಂದಿನಾಗ ಎಳೀ ಬೇರು ಇದ್ದಾಗ ಕರೆದಿದ್ರ ಒಂದು ಗಳಿಗಿ ಕೆಲಸ," ಎಂದ. ಒಳಗೆ ಬಾಗಿಲ ಸಂದಿಯಲ್ಲಿ ಸರುಬಾಯಿ ತಲೆಯಾಡಿಸಿದಳು.

ಇಷ್ಟು ಜನ ಸೇರಿದ ಮೇಲೆ ಊಟ ಅಲ್ಲೇ ಆಗದೆ ಇನ್ನೆಲ್ಲಿ ಆಗಬೇಕು? ಬುಟ್ಟಿಗಳು ಅಂಗಳಕ್ಕೆ ಬಂದವು. ಅಂಬಲಿಗೆ ಮಜ್ಜಿಗೆ ಬಿತ್ತು, ಭಜ್ಜಿಯ ಮೇಲೆ ಶೇಂಗಾ ಎಣ್ಣೆ ಬಿತ್ತು. ಎಳ್ಳಮಾಸಿಯ ದಿನ ಕಂಡವರನ್ನೆಲ್ಲ ಕೂಡಿಸಿ ಉಣಿಸುವುದು ಪದ್ಧತಿ, ಒಲ್ಲೆ ಎಂದರೆ ಅವಮಾನ. ಹತ್ತು ಕಡೆಯಿಂದ ಹತ್ತು ಕೈ ರೇವಣಪ್ಪನ ಬಾಯಿಯ ಮುಂದೆ ಬಂದವು.

"ಹೊಟ್ಟಿ ಸರಿ ಇಲ್ಲ," ಎಂದ ಅವನು. ಹೇಳುವಾಗಲೇ ಆ ಹೊಟ್ಟೆ ಗಟ್ಟಿಯಾಗಿ ಕೂಗಿತು.

"ಹಸದ ಹೊಟ್ಟಿ ಕೂಗದಂಗ ಕೂಗಲಾಕತ್ಯದಲ್ಲ," ಎಂದ ಮನ್ಮಥಪ್ಪ, ಹೋಳಿಗೆ ಮುರಿಯುತ್ತ.

ರಂಭಾಬಾಯಿ ಓಮಿನ ಕಷಾಯ ಕಾಯಿಸಿ ತಂದು, ಅವನ ಮೂಗು ಹಿಡಿದು ಬಾಯಿಗೆ ಹೊಯ್ದಳು. ರೇವಣಪ್ಪ ಕೆನ್ನೆ ಊದಿಸಿಕೊಂಡು ದನದ ಕೊಟ್ಟಿಗೆಯ ಹಿಂದೆ ಓಡಿ ಉಗುಳಿಬಂದ. ಆಕೆ ಮತ್ತೆ ತಂದಳು, ಅವನು ಮತ್ತೆ ಓಡಿದ. ಮೂರನೆಯ ಸಲ ಕೊಟ್ಟಿಗೆಯ ಹಿಂದಿನಿಂದ ಬರುವಾಗ ಎದುರಿಗೆ ಮನ್ಮಥಪ್ಪ ನಿಂತು, ಕೊರಳ ತನಕ ಹಾಕಿದ್ದ ಅವನ ಅಂಗಿಯ ಗುಂಡಿಗಳನ್ನೇ ನೋಡುತ್ತಿದ್ದ. ರೇವಣಪ್ಪನಿಗೆ ಮಾಘದ ಚಳಿ ಮೊದಲೇ ಬಂದಂತಾಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೋರಿ ಪೂರ್ತಿ ಬರಿದಾಯಿತು. ಜಾಳಿಗೆಗಳಲ್ಲಿ ಸಿಕ್ಕಿದ್ದು ಕೊಳವೆ ಒಡೆದ ಕಡೆ ಒಳಬಿದ್ದ ಹುಣಸೆಬೀಜ, ಒಂದು ತುಕ್ಕುಹಿಡಿದ ಕೀಲಿ, ಮತ್ತು ರಂಭಾಬಾಯಿಯ ಗಂಡನ ನಶ್ಯದ ಡಬ್ಬಿ. ಪಾಪ, ಅದನ್ನು ಆ ಮನುಷ್ಯ ಸಾಯುವ ತನಕ ಹುಡುಕಿದ್ದ. ಅವನ ಕಣ್ಣು ತಪ್ಪಿಸಿ ಗೋಡೆಯ ಬಿರುಕಿನೊಳಗೆ ತುರುಕಿದ್ದ ಅವಳೇ ಈಗ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಬಂಗಾರ ಸಿಗಲಿಲ್ಲ. ರೇವಣಪ್ಪನಿಗೆ ಬೇಕಾದದ್ದೂ ಸಿಗಲಿಲ್ಲ.

ಲಾಡ್ಲೇಸಾಬ ಕಟ್ಟಕಡೆಗೆ ಬಚ್ಚಲಿಗೆ ಬಂದು, ಮೋರಿಯ ಬಾಯಿಯ ಹೂಳು ಕೆರೆದು, ಕೆಳಗಿನ ಕಲ್ಲು ತೊಳೆದು ತೋರಿಸಿದ.

"ನಿಮ್ಮ ಅಜ್ಜ ಶಾಣ್ಯಾ ಇದ್ದ ಮಾಲಕ. ಬಾಯಾಗೇ ತೂತಿನ ಕಲ್ಲು ಕೂಡಿಸ್ಯಾನ. ಕಡ್ಲಿಕಾಳಿಗಿಂತ ದೊಡ್ಡದು ಒಳಗ ಹೋಗಾದು ಶಕ್ಯನೇ ಇಲ್ಲ."

ಬೆಳಗಿನಿಂದ ಸೋಸಿದ ಕೆಸರೆಲ್ಲ ರೇವಣಪ್ಪನ ತಲೆಯ ಮೇಲೆ ಬಿದ್ದಂತಾಯಿತು. ಲಿಂಗ ಮೋರಿಗೆ ಹೋಗಿಯೇ ಇರಲಿಲ್ಲ. ಹಾಗಾದರೆ ಎಲ್ಲಿ ಹೋಯಿತು?

"ಸಾಕು ಬಿಡು. ಮಣ್ಣು ಮುಚ್ಚಿ ನಡಿ. ಉಳಿದದ್ದು ಸುಗ್ಗಿ ಆದಮ್ಯಾಲ ನೋಡಮಿ," ಎಂದ.

ರಂಭಾಬಾಯಿ ಅಗೆದ ಗೋಡೆಯ ಮುಂದೆ ಕಾಲು ಚಾಚಿ ಕೂತಳು. "ನನ್ನ ಗ್ವಾಡಿ ಬಾಯಿ ತಕ್ಕೊಂಡು ನಿಂತದ. ಸುಗ್ಗಿತನಕ ನಾ ಬಂದು ನಿಮ್ಮ ಪಡಸಾಲ್ಯಾಗ ಮಲಗತೀನಿ," ಎಂದಳು. ರೇವಣಪ್ಪ ಕೆಲಸ ಮುಂದುವರಿಸೆಂದು ಗೌಂಡಿಗೆ ಕೈಸನ್ನೆ ಮಾಡಿದ. ಲಾಡ್ಲೇಸಾಬ ಕುಂಬಾರರ ಮನೆಯಿಂದ ಹೊಸ ಕೊಳವೆ ತರಿಸಿ, ಮೊಳಕ್ಕೆ ಒಂದು ಬೆರಳು ಇಳಿಜಾರು ಹಿಡಿದು ಜೋಡಿಸಿ, ಒಂದು ತಂಬಿಗೆ ನೀರು ಬಿಟ್ಟು ಓಟ ನೋಡಿದ. ಸಂದುಗಳಿಗೆ ಸೆಣಬು ಸುತ್ತಿ, ಸುಣ್ಣ ಉಸುಕಿಗೆ ಬೆಲ್ಲದ ನೀರು ಬೆರೆಸಿದ ಗಚ್ಚು ಮೆತ್ತತೊಡಗಿದ.

ಆಗ ಶಂಕರಯ್ಯನವರು ಬಂದರು. ಹೊಲದಲ್ಲಿ ಯಾರೂ ಸಿಗದೆ, ಪ್ರಸಾದಕ್ಕೆ ಜನರನ್ನು ಹುಡುಕುತ್ತ ಊರಿಗೇ ಮರಳಿದ್ದರು. ಕಟ್ಟೆಯ ಮೇಲೆ ಕೂತು, ರೇವಣಪ್ಪ ಏನೂ ಉಂಡಿಲ್ಲವೆಂದು ತಿಳಿದು, ತಮ್ಮ ಮುಂದಿನ ಅಂಬಲಿಯ ಬಟ್ಟಲನ್ನು ರೇವಣಪ್ಪನ ಕಡೆ ಸರಿಸಿದರು.

"ನೀ ಮೊದಲ ಒಂದು ಗುಟುಕು ತಗೋ. ಮನಿ ಯಜಮಾನ ಉಪಾಸ ಇದ್ದ ಮನ್ಯಾಗ ನಾ ಹ್ಯಾಂಗ ಉಣ್ಣಲಿ?"

ಅಂಬಲಿಯ ಮೇಲೆ ಕೊತ್ತಂಬರಿ ತೇಲುತ್ತಿತ್ತು. ಬೆಳ್ಳುಳ್ಳಿಯ ಒಗ್ಗರಣೆ ಮೂಗಿಗೆ ಬಡಿಯಿತು. ರೇವಣಪ್ಪನ ಕಣ್ಣಲ್ಲಿ ನೀರು ಬಂತು. ಅಯ್ಯನವರು ಕೈಯಾರೆ ಕೊಟ್ಟದ್ದನ್ನು ಕೊಟ್ಟಿಗೆಯ ಹಿಂದೆ ಉಗುಳುವಷ್ಟು ಕೆಟ್ಟವನಲ್ಲ ಅವನು. ಅವರ ಪಾದದ ಬಳಿ ಕುಸಿದು ಕೂತ.

"ಅಯ್ನೋರೆ, ನನ್ನ ಲಿಂಗ ಕಳದದ. ಮುಂಜಾನಿಂದ ಅದನ್ನೇ ಹುಡುಕಲಾಕತ್ತೀನಿ. ನಾಚಿಕಿ ಬಂದು ಯಾರ ಮುಂದೂ ಹೇಳಿಲ್ಲ."

ಗಚ್ಚು ಮೆತ್ತುವ ಕರಣೆಯೊಂದೇ ಸರ್ ಸರ್ ಎನ್ನುತ್ತಿತ್ತು.

"ಒಂದು ಹೊತ್ತು ಸಾಕು ಅಂತ ಆಗ ನಾ ಹೇಳಿದ್ದೆ," ಎಂದರು ಶಂಕರಯ್ಯನವರು ಸಂಕಟದಿಂದ.

"ನೀವು ಹೇಳಿದ್ದು ಖರೆ ಅಯ್ನೋರೆ," ಎಂದ ಮನ್ಮಥಪ್ಪ. ಅವನ ಮುಖ ಈಗಷ್ಟೇ ಎಣ್ಣೆ ಸವರಿ ಹೆಂಚಿನಿಂದ ಇಳಿಸಿದ ಹೋಳಿಗೆಯಂತೆ ಹೊಳೆಯುತ್ತಿತ್ತು. "ರೇವಣಪ್ಪನೇ ಎದ್ದು ನಿಂತು ಮೂರು ದಿನ ಅಂದ. ಸಿಕ್ಕರೂ ಮೂರು, ಸಿಗದಿದ್ರೂ ಮೂರು. ದೊಡ್ಡವ್ರ ಮಾತು, ನಾವು ಮೀರೋದು ಸರಿ ಅಲ್ಲ."

ಎಲ್ಲರೂ ಹೌದು ಹೌದೆಂದರು. ರೇವಣಪ್ಪ ಎಲ್ಲರ ಎದುರಿಗೆ ಕೈಮುಗಿದು ಒಪ್ಪಿಕೊಂಡ. ಆಮೇಲೆ ಜನ, ಉಪವಾಸದ ಮನೆಯಲ್ಲಿ ಅನ್ನ ಉಳಿಸುವುದು ಸರಿಯಲ್ಲವೆಂದು, ಬುಟ್ಟಿಗಳ ತಳ ಕಾಣುವ ತನಕ ಶ್ರಮಪಟ್ಟು ಉಂಡರು.

ಹೊತ್ತು ಮುಳುಗುವಾಗ ಲಾಡ್ಲೇಸಾಬ ಸಾಮಾನು ಕಟ್ಟಿ, ಎರಡು ದಿನ ನೀರು ಬಿಡಬೇಡಿರೆಂದು ಹೇಳಿ ಹೋದ. ಓಣಿ ಬರಿದಾಯಿತು. ರೇವಣಪ್ಪ ಕಟ್ಟೆಯ ಮೇಲೆ ಖಾಲಿ ಮಡಕೆಗಳ ನಡುವೆ ಕೂತಿದ್ದ. ಸರುಬಾಯಿ ಹಿತ್ತಾಳೆಯ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಬಿಲ್ವಪತ್ರೆ, ಅದರ ಮೇಲೆ ವಿಭೂತಿ ಧರಿಸಿಕೊಂಡು ಅವನ ಲಿಂಗ ಕೂತಿತ್ತು.

ರೇವಣಪ್ಪ ದಡಬಡಿಸಿ ಎದ್ದ. "ಎಲ್ಲಿತ್ತು ಇದು?"

"ಬಚ್ಚಲ ಕಲ್ಲಿನ ಮ್ಯಾಲ. ದಾರ ಸವದು ಬಿದ್ದಿತ್ತು. ತಂದು ದೇವರ ಮಾಡದಾಗ ಇಟ್ಟು, ಪತ್ರಿ ಏರಿಸೀನಿ."

"ಯಾವಾಗ?"

"ಮುಂಜಾನಿ. ನೀವು ಮಿಂದು ಬಂದ ಕೂಡ್ಲೇ. ಹೇಳಬೇಕಂತ ಬಂದೆ, ನೀವು ಮೋರಿ ತೆಗಸತೀನಿ ಅಂದ್ರಿ."

ಅವನಿಗೆ ಸಿಟ್ಟು ಬಂತು, ಅಳು ಬಂತು, ಎಲ್ಲಕ್ಕಿಂತ ಹೆಚ್ಚು ಹಸಿವಾಯಿತು. ಲಿಂಗವನ್ನು ಎರಡು ಕೈಯಿಂದ ಎತ್ತಿ ಎದೆಗೆ ಒತ್ತಿಕೊಂಡ.

"ಹೋಗ್ಲಿ. ಮುಂಜಾನಿ ಹೇಳಲಿಲ್ಲ. ಅಯ್ನೋರ ಮುಂದ, ಆ ಮನ್ಮಥಪ್ಪನ ಮುಂದ ನಾ ಬಾಯಿ ಬಿಡಾಕ ಮೊದಲರೆ ಒಂದು ಮಾತು ಹೇಳಬಾರದೇನು?"

ಸರುಬಾಯಿ ಖಾಲಿ ಮಡಕೆಗಳನ್ನು ಒಂದರೊಳಗೊಂದು ಇಡುತ್ತ ಹೇಳಿದಳು:

"ಹೇಳತಿದ್ದೆರೀ. ಆದ್ರ ಆಗ ಇನ್ನಾ ಎರಡು ಮೊಳ ಗಚ್ಚು ಹಾಕಾದು ಬಾಕಿ ಇತ್ತು."