ಚಲುವರಾಜುವಿನ ಏಳನೇ ಹಲ್ಲು

ಬೆಸಗರಹಳ್ಳಿಯ ಚಲುವರಾಜು ಮೂರು ತಿಂಗಳಲ್ಲಿ ಆರು ಹಲ್ಲು ಕೀಳಿಸಿಕೊಂಡಿದ್ದ. ಬಾಯಲ್ಲಿ ಮಾತ್ರ ಮೂವತ್ತೆರಡೂ ಭದ್ರವಾಗಿದ್ದವು.

ಅವನನ್ನು ಸಾಕಿದ ದೊಡ್ಡಮ್ಮ ಇಂದ್ರಮ್ಮ ಆಲೆಮನೆಯ ಒಡತಿ. ಕಬ್ಬಿನ ಹಾಲು ಕುದಿಯುವಾಗ ಯಮನೇ ಬಂದು ಕರೆದರೂ "ಪಾಕ ಇಳೀಲಿ, ಅಲ್ಲೇ ಕುಂತ್ಕೊ" ಅನ್ನುವ ಹೆಂಗಸು. ಅವಳಿಂದ ರಜ ಸಿಗುತ್ತಿದ್ದುದು ಹಲ್ಲುನೋವಿಗೊಂದೇ. ಹಾಗೆ ಹಲ್ಲಿನ ಹೆಸರು ಹೇಳಿ ಅವನು ಹೋಗುತ್ತಿದ್ದುದು ಮದ್ದೂರಿನ ಬ್ಯಾಟರಿ ತರಬೇತಿ ಕೇಂದ್ರಕ್ಕೆ. ಇವತ್ತು ಕೊನೆಯ ಪರೀಕ್ಷೆ. ಪಾಸಾದರೆ ಕಾರ್ಖಾನೆಯಲ್ಲಿ ಕೆಲಸ. ಕೊಪ್ಪರಿಗೆಯ ಹೊಗೆಯಿಂದಲೂ ದೊಡ್ಡಮ್ಮನ ಬಾಯಿಂದಲೂ ಬಿಡುಗಡೆ. ಏಳು ಸಮುದ್ರ ದಾಟಲು ಹೊರಟ ರಾಜಕುಮಾರನಂತೆ, ಏಳನೇ ಹಲ್ಲು ಹಿಡಿದುಕೊಂಡು ಬಸ್ಸು ಹತ್ತಿದ.

ಸೀಟಿನಲ್ಲಿ ನೆರೆಮನೆಯ ಮರಿಯಯ್ಯ ಕೂತಿದ್ದ.

"ಮತ್ತೆ ಹಲ್ಲಾ?"

"ಊಂ."

"ಅಯ್ಯೋ, ಒಬ್ನೇ ಓಯ್ತಿದ್ದೀಯಲ್ಲೋ ಮಗ! ನಡಿ, ತಲೆ ಹಿಡ್ಕೊಳಾಕೆ ನಾನೇ ಬತ್ತೀನಿ."

ಬೇಡವೆಂದಷ್ಟೂ ಮರಿಯಯ್ಯನ ಕರುಣೆ ಉಕ್ಕಿತು. ಮದ್ದೂರಿನಲ್ಲಿ ಇಳಿದು ಸಂದಿ ಸಂದಿ ನುಗ್ಗಿದರೂ ಮದುವೆಮನೆಯ ಫೋಟೋದವನ ಹಾಗೆ ಹಿಂದೆಯೇ ಬಂದ. ಕೇಂದ್ರದ ಗಾಜಿನಾಚೆ ಚಲುವರಾಜು ಬಿಳಿ ಕೋಟು, ಟೋಪಿ, ಮುಖಗವಸು ತೊಡುವುದನ್ನು ಕಂಡು ಮರಿಯಯ್ಯ ಬೆಚ್ಚಿಬಿದ್ದ. ತಕ್ಷಣ ಇಂದ್ರಮ್ಮನಿಗೆ ಫೋನು.

"ಅಕ್ಕಾ, ಓಡ್ಬಾ! ಇದು ಬರೀ ಹಲ್ಲಲ್ಲ ಕಣಕ್ಕಾ, ದೊಡ್ಡ ಆಪರೇಸನ್ನು!"

ಒಳಗೆ ಪರೀಕ್ಷೆ ನಡೆಸುತ್ತಿದ್ದವರು ದೀಪಿಕ ಮೇಡಂ. ತೊಟ್ಟಿಯಲ್ಲಿ ಮಸಿಯಂಥ ಕಪ್ಪು ಲೇಪ. ಅದನ್ನು ತಾಮ್ರದ ಹಾಳೆಗೆ ತೆಳ್ಳಗೆ ಬಳಿಯಬೇಕು, ಒಂದು ಸೂಜಿತೂತೂ ಇರಕೂಡದು. ಚಲುವರಾಜುವಿನ ಮೊದಲ ಹಾಳೆಯಲ್ಲಿ ತೂತುಗಳು. ಎರಡನೆಯದು ಜರಡಿಯೇ.

"ಇನ್ನೊಂದೇ ಅವಕಾಶ," ಅಂದರು ಮೇಡಂ.

ಗಾಬರಿಯಲ್ಲಿ ಅವನು ಲೇಪ ಕಲಸುವ ಯಂತ್ರವನ್ನು ಇನ್ನಷ್ಟು ಜೋರಾಗಿ ತಿರುಗಿಸಿದ. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಬೆಲ್ಲದ ಆಟೋದಲ್ಲಿ ಹಾರಿ ಬಂದ ಇಂದ್ರಮ್ಮ ಅವನ ಮುಖಗವಸು ಕಿತ್ತು, ದವಡೆ ಅಗಲಿಸಿ, ಎತ್ತು ಕೊಳ್ಳುವವಳಂತೆ ಹಲ್ಲು ಎಣಿಸಿದಳು.

"ಮೂವತ್ತೆರಡೂ ಅವೆ! ಲೇ, ನನ್ಗೇ ಟೋಪಿ ಆಕ್ತೀಯೇನ್ಲಾ?"

ಬಾರಿಸಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಕಣ್ಣು ತೊಟ್ಟಿಯ ಮೇಲೆ ಬಿದ್ದಿತ್ತು.

"ಇದ್ಯಾಕ್ಲಾ ಇಂಗೆ ಬಡೀತಿದ್ದೀಯಾ?"

"ಪಾಕ ಅಲ್ಲ ದೊಡ್ಡಮ್ಮ, ಬ್ಯಾಟರಿ..."

"ಏನಾದ್ರೂ ಆಗ್ಲಿ, ಗಾಳಿ ಕುಡುದ್ಬುಟ್ಟದೆ. ಗುಳ್ಳೆ ಕಾಣಾಕಿಲ್ವಾ? ಮೆಲ್ಲುಕ್ಕೆ ತಿರುಗ್ಸು, ಗುಳ್ಳೆ ಸಾಯೋಗಂಟ."

ಗಾರ್ಡು ಅವಳನ್ನು ಎಳೆಯಲು ಬಂದ. ಮೇಡಂ ಕೈಸನ್ನೆಯಲ್ಲೇ ತಡೆದರು. ಇಪ್ಪತ್ತು ನಿಮಿಷ ಚಲುವರಾಜು ಮೆಲ್ಲಗೆ ತಿರುಗಿಸಿದ. ಇಂದ್ರಮ್ಮ ಲೇಪವನ್ನು ಸೌಟಿನಲ್ಲಿ ಎತ್ತಿ, ಇಳಿಯುವ ಎಳೆಯನ್ನೇ ನೋಡಿ, "ಈಗ ಬಳಿ," ಅಂದಳು.

ಚಲುವರಾಜು ಬಳಿದ. ಹಾಳೆ ಹೊರಬಂತು, ಒಂದು ನಕ್ಷತ್ರವೂ ಇಲ್ಲದ ಅಮಾವಾಸ್ಯೆಯ ಆಕಾಶದಂತೆ.

"ಬಳಿದ ಕೈ ನಿಂದೇ. ಪಾಸ್!" ಅಂದರು ಮೇಡಂ.

ಕೇಂದ್ರವೆಲ್ಲ ಚಪ್ಪಾಳೆ. ಮರಿಯಯ್ಯ ತಾನೇ ಪಾಸಾದವನಂತೆ ಎಲ್ಲರಿಗೂ ವಡೆ ಹಂಚಿದ. ಇಂದ್ರಮ್ಮನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಓಗಪ್ಪ, ನಿನ್ ದಾರಿ ನಿಂಗೆ." ಚಲುವರಾಜುವಿನ ಕಾಲು ನೆಲಕ್ಕೆ ತಾಗಲಿಲ್ಲ. ಸಮುದ್ರ ಏಳೂ ದಾಟಿಯಾಗಿತ್ತು.

ಸಂಜೆ ಮೇಡಂ ಎರಡು ನೇಮಕಾತಿ ಪತ್ರ ಹಿಡಿದು ಬಂದರು.

"ಎರಡ್ಯಾಕೆ ಮೇಡಂ?"

"ಒಂದು ನಿಂದು. ಇನ್ನೊಂದು ನಿಮ್ಮ ದೊಡ್ಡಮ್ಮಂದು. ಇಂಥ ಕಣ್ಣಿಗಾಗಿ ಕಂಪನಿಯವರು ಎರಡು ವರ್ಷದಿಂದ ಹುಡುಕ್ತಾ ಇದ್ರು. ಲೇಪ ವಿಭಾಗಕ್ಕೆ ಇವರೇ ಮೇಲ್ವಿಚಾರಕಿ, ಇವರೇ ತರಬೇತಿ ಕೊಡೋರು."

ಚಲುವರಾಜು ತನ್ನ ಪತ್ರ ಬಿಡಿಸಿದ. ವಿಭಾಗ: ಲೇಪ. ರಜೆಗೆ ಮೇಲ್ವಿಚಾರಕರ ಸಹಿ ಕಡ್ಡಾಯ.

"ಆಲೆಮನೆ ಗತಿಯೇನು ದೊಡ್ಡಮ್ಮ?" ಕೊನೆಯ ಆಸೆಯಿಂದ ಕೇಳಿದ.

"ಮರಿಯಯ್ಯ ನೋಡ್ಕತಾನೆ. ಊರೋರ್ ಕಷ್ಟ ಕಂಡ್ರೆ ಕರುಳು ಕಿತ್ಕೊಂಡ್ ಬರೋನಲ್ವಾ!"

ಮರಿಯಯ್ಯನ ಗಂಟಲಲ್ಲಿ ವಡೆ ಸಿಕ್ಕಿಕೊಂಡಿತು. ಇಂದ್ರಮ್ಮ ಬಿಳಿ ಟೋಪಿಯನ್ನು ತುರುಬಿನ ಮೇಲೆ ಎಳೆದುಕೊಂಡು, ಗಾಜಿನಲ್ಲಿ ಒಮ್ಮೆ ನೋಡಿಕೊಂಡು, ತಿರುಗಿದಳು.

"ಏನ್ಲಾ ನಿಂತಿದ್ದೀಯಾ? ಆ ತೊಟ್ಟಿ ತೊಳಿಯಾಕೆ ಇನ್ಯಾರ್ ಬತ್ತಾರೆ?"